ಆಕಾಶದ ಕಣ್ಣು ಮತ್ತು ಮನೆಯ ಅಂಗಳ

ಮನೆಗೆ ಗೋಡೆ, ಹಿತ್ತಿಲಿಗೆ ಬೇಲಿ, ಕಿಟಕಿಗೆ ಪರದೆ ಹುಟ್ಟಿದ್ದು ಕಳ್ಳರ ಭಯದಿಂದ ಮಾತ್ರವಲ್ಲ. ಯಾವ ತಪ್ಪನ್ನೂ ಮಾಡದ ಮನುಷ್ಯನಿಗೂ ಪರರ ದೃಷ್ಟಿಗೆ ಬೀಳದ ಒಂದಿಷ್ಟು ಸ್ಥಳ ಬೇಕು. ಊಟ, ಪ್ರಾರ್ಥನೆ, ದುಃಖ, ಮನೆಮಂದಿಯ ಸಮಾಲೋಚನೆ, ಸಾಲಸೋಲದ ಮಾತು ಇವೆಲ್ಲ ಬೀದಿಯಲ್ಲಿ ನಡೆಯತಕ್ಕ ವ್ಯವಹಾರಗಳಲ್ಲ. ಈ ಮರೆಯನ್ನು ಶತಮಾನಗಳಿಂದ ಕಾಯ್ದುಕೊಂಡು ಬಂದದ್ದು ಕಾನೂನು ಎಂಬುದು ಸಾಮಾನ್ಯ ನಂಬಿಕೆ. ಇತಿಹಾಸವನ್ನು ನಿಧಾನವಾಗಿ ಪರಿಶೀಲಿಸಿದರೆ ಬೇರೊಂದು ಸಂಗತಿ ಗೋಚರಿಸುತ್ತದೆ. ಬಹುಮಟ್ಟಿಗೆ ಅದನ್ನು ಕಾಯ್ದದ್ದು ವೆಚ್ಚ. ಒಬ್ಬನ ಹಿಂದೆ ಹಗಲಿರುಳು ಒಬ್ಬ ಪೇದೆಯನ್ನು ನಿಲ್ಲಿಸುವುದು ಯಾವ ಸರ್ಕಾರಕ್ಕೂ ಅಗ್ಗದ ಕೆಲಸವಾಗಿರಲಿಲ್ಲ. ಆದ್ದರಿಂದ ಸರ್ಕಾರಗಳು ಅಗತ್ಯವಿದ್ದ ಕಡೆ ಮಾತ್ರ ನೋಡಿದವು. ಉಳಿದ ಜನರು ನೆಮ್ಮದಿಯಿಂದಿದ್ದರು.

ಇಂದು ಪೊಲೀಸರ ಕೈಗೆ ಡ್ರೋನ್ ಎಂಬ ಚಾಲಕರಹಿತ ಪುಟ್ಟ ವಿಮಾನ ಬಂದಿದೆ. ಕಳೆದುಹೋದ ಮಗುವನ್ನು ಹುಡುಕಲು, ನೆರೆಯಲ್ಲಿ ಸಿಲುಕಿದವರನ್ನು ಪತ್ತೆಹಚ್ಚಲು, ಜಾತ್ರೆಯ ಜನಸಂದಣಿಯನ್ನು ನಿಯಂತ್ರಿಸಲು ಅದು ಉಪಕಾರಿಯೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದು ಬಂದೊಡನೆ ನೋಡುವ ಕ್ರಿಯೆಯ ಬೆಲೆ ಇಳಿದುಹೋಯಿತು. ಬೆಲೆ ಕಾಯುತ್ತಿದ್ದುದನ್ನು ಇನ್ನು ಯಾರು ಕಾಯಬೇಕು ಎಂಬುದೇ ಈ ಕಾಲದ ನಿಜವಾದ ಪ್ರಶ್ನೆ. ಈ ಪ್ರಶ್ನೆಯನ್ನು ಅತ್ಯಂತ ದೀರ್ಘಕಾಲ ಚರ್ಚಿಸಿದ ದೇಶಗಳಲ್ಲಿ ಅಮೆರಿಕ ಒಂದು. ಅಲ್ಲಿನ ನ್ಯಾಯಾಲಯಗಳ ಅನುಭವವು ನಮ್ಮ ದೇಶಕ್ಕೂ ಪಾಠವಾಗಬಲ್ಲದು.

ಆಕಾಶ ಯಾರದು?

ನೆಲದ ಒಡೆಯನಿಗೆ ಅದರ ಮೇಲಿನ ಆಕಾಶವೂ ಕೊನೆಯಿಲ್ಲದೆ ಸೇರಿದ್ದು ಎಂಬ ಹಳೆಯ ಸೂತ್ರವೊಂದು ಆಂಗ್ಲ ನ್ಯಾಯಶಾಸ್ತ್ರದಲ್ಲಿತ್ತು. ವಿಮಾನಗಳು ಹಾರಲಾರಂಭಿಸಿದ ಮೇಲೆ ಈ ಸೂತ್ರ ನಡೆಯುವಂತಿರಲಿಲ್ಲ. ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದಲ್ಲಿ ಕಾಸ್ಬಿ ಎಂಬ ರೈತ ಕುಟುಂಬವು ಕೋಳಿ ಸಾಕಣೆಯಿಂದ ಜೀವನ ಸಾಗಿಸುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಮೀಪದ ವಿಮಾನ ನಿಲ್ದಾಣಕ್ಕೆ ಇಳಿಯುವ ಸೇನಾ ವಿಮಾನಗಳು ಅವರ ನೆಲದ ಮೇಲೆ ಕೇವಲ 83 ಅಡಿ ಎತ್ತರದಲ್ಲಿ ಹಾಯತೊಡಗಿದವು. ಆ ಅಬ್ಬರಕ್ಕೆ ಬೆದರಿದ ಕೋಳಿಗಳು ಗೋಡೆಗೆ ಅಪ್ಪಳಿಸಿ ಸತ್ತವು. ಹಾಗೆ ಸತ್ತವುಗಳ ಸಂಖ್ಯೆ ಸುಮಾರು 150. ಮನೆಯವರಿಗೆ ನಿದ್ರೆಯಿಲ್ಲವಾಯಿತು, ಕಸುಬನ್ನೇ ಕೈಬಿಡಬೇಕಾಯಿತು. 1946ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಪ್ರಕರಣದಲ್ಲಿ ಎರಡು ಮಾತುಗಳನ್ನು ಹೇಳಿತು. ಆಕಾಶವೆಲ್ಲ ನೆಲದ ಒಡೆಯನದೆಂಬ ಹಳೆಯ ಸೂತ್ರಕ್ಕೆ ಆಧುನಿಕ ಜಗತ್ತಿನಲ್ಲಿ ಸ್ಥಾನವಿಲ್ಲ ಎಂಬುದು ಮೊದಲನೆಯದು. ಮನೆಗೆ ತಗುಲಿಕೊಂಡಂತಿರುವ ಕೆಳಗಿನ ಆಕಾಶದ ಮೇಲೆ ಮಾತ್ರ ಒಡೆಯನಿಗೆ ಹಕ್ಕುಂಟು, ಅದನ್ನು ಕಸಿದುಕೊಂಡರೆ ಸರ್ಕಾರ ಪರಿಹಾರ ತೆರಬೇಕು ಎಂಬುದು ಎರಡನೆಯದು.

ಈ ತೀರ್ಪು ಆಸ್ತಿಗೆ ಸಂಬಂಧಿಸಿದ್ದು. ಆಕಾಶದಿಂದ ಇಣುಕಿ ನೋಡುವ ವಿಷಯ ಅಲ್ಲಿ ಚರ್ಚೆಗೆ ಬರಲಿಲ್ಲ. ಅದು ಬಂದದ್ದು 40 ವರ್ಷಗಳ ನಂತರ.

ಎರಡು ಬೇಲಿ, ಒಂದು ವಿಮಾನ

1982ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಊರಿನ ಪೊಲೀಸರಿಗೆ ಅನಾಮಧೇಯ ದೂರವಾಣಿ ಕರೆಯೊಂದು ಬಂತು. ಸಿರಾವೊಲೊ ಎಂಬಾತ ತನ್ನ ಹಿತ್ತಿಲಲ್ಲಿ ಗಾಂಜಾ ಬೆಳೆಯುತ್ತಿದ್ದಾನೆಂಬುದು ದೂರು. ಆತನ ಹಿತ್ತಿಲಿಗೆ 6 ಅಡಿಯ ಹೊರಬೇಲಿ, ಅದರ ಒಳಗೆ 10 ಅಡಿಯ ಒಳಬೇಲಿ. ನೆಲದಿಂದ ಏನೂ ಕಾಣದೆ ಪೊಲೀಸರು ಖಾಸಗಿ ವಿಮಾನವೊಂದನ್ನು ಗೊತ್ತುಮಾಡಿಕೊಂಡು 1,000 ಅಡಿ ಎತ್ತರದಲ್ಲಿ ಹಾರಿ ಚಿತ್ರ ತೆಗೆದರು. ನ್ಯಾಯಾಧೀಶರ ಶೋಧನಾ ವಾರಂಟು ಇಲ್ಲದೆ ಮನೆಯನ್ನಾಗಲಿ ಅದಕ್ಕೆ ಹೊಂದಿದ ಅಂಗಳವನ್ನಾಗಲಿ ಶೋಧಿಸಕೂಡದು ಎಂಬುದು ಅಮೆರಿಕದ ಸಂವಿಧಾನದ 4ನೆಯ ತಿದ್ದುಪಡಿಯ ತಾತ್ಪರ್ಯ. ಆಕಾಶದಿಂದ ನೋಡಿದ್ದು ಶೋಧವೇ? 1986ರಲ್ಲಿ ಸರ್ವೋಚ್ಚ ನ್ಯಾಯಾಲಯವು 5ಕ್ಕೆ 4ರ ಬಹುಮತದಿಂದ ಅಲ್ಲವೆಂದು ತೀರ್ಮಾನಿಸಿತು. ಸಾರ್ವಜನಿಕ ವಾಯುಮಾರ್ಗದಲ್ಲಿ ಹೋಗುವ ಯಾವ ಪ್ರಯಾಣಿಕನಾದರೂ ಕಾಣಬಹುದಾಗಿದ್ದನ್ನು ಪೊಲೀಸರು ಕಂಡರೆ ತಪ್ಪೇನು ಎಂಬುದು ಬಹುಮತದ ವಾದ.

ಮೂರು ವರ್ಷಗಳ ಬಳಿಕ ಎತ್ತರ ಇನ್ನೂ ತಗ್ಗಿತು. ಫ್ಲಾರಿಡಾ ರಾಜ್ಯದಲ್ಲಿ ರೈಲಿ ಎಂಬಾತನ ಹಸಿರುಮನೆಯ ಛಾವಣಿಯ ಎರಡು ಹಲಗೆಗಳು ಇರಲಿಲ್ಲ. ಪೊಲೀಸ್ ಅಧಿಕಾರಿಯು ಹೆಲಿಕಾಪ್ಟರಿನಲ್ಲಿ 400 ಅಡಿ ಎತ್ತರಕ್ಕೆ ಬಂದು ಆ ಸಂದಿಯಿಂದ ಒಳಗಿನ ಗಿಡಗಳನ್ನು ನೋಡಿದ. 1989ರ ತೀರ್ಪಿನಲ್ಲಿ ಇದೂ ಶೋಧವಲ್ಲವೆಂದಾಯಿತು.

ಆ ಪ್ರಕರಣದಲ್ಲಿ ನ್ಯಾಯಮೂರ್ತಿ ವಿಲಿಯಂ ಬ್ರೆನ್ನನ್ ಬರೆದ ಭಿನ್ನಮತದ ತೀರ್ಪು ಸ್ಮರಣೀಯವಾದುದು. ಸದ್ದಿಲ್ಲದ, ಗಾಳಿಯೆಬ್ಬಿಸದ, ಧೂಳು ಹಾರಿಸದ ಯಂತ್ರವೊಂದು ಮನೆಯಂಗಳದ ಮೇಲೆ ಬಂದು ನಿಂತಿತೆಂದು ಅವರು ಕಲ್ಪಿಸಿದರು. ಮನೆಯವರು ಯಾವ ಗಿಡ ಬೆಳೆದಿದ್ದಾರೆಂಬುದಷ್ಟೇ ಅಲ್ಲದೆ ಯಾವ ಪುಸ್ತಕ ಓದುತ್ತಾರೆ, ಊಟಕ್ಕೆ ಯಾರನ್ನು ಕರೆದಿದ್ದಾರೆ ಎಂಬುದನ್ನೂ ಆ ಯಂತ್ರ ಅರಿಯಬಲ್ಲದಾದರೆ, ಅದು ನ್ಯಾಯಬದ್ಧ ವಾಯುಮಾರ್ಗದಲ್ಲಿದೆ ಎಂಬ ಒಂದೇ ಕಾರಣಕ್ಕೆ ಸುಮ್ಮನಿರಬೇಕೆ ಎಂದು ಅವರು ಪ್ರಶ್ನಿಸಿದರು. ಅಂಥ ಯಂತ್ರ ಆಗ ಕಲ್ಪನೆಯ ವಸ್ತುವಾಗಿತ್ತು. ಆದ್ದರಿಂದ ಬಹುಮತಕ್ಕೆ ಅದು ತುರ್ತಿನ ಪ್ರಶ್ನೆಯೆನಿಸಲಿಲ್ಲ. ಇಂದು ಅದಕ್ಕೆ ಬಹಳ ಸಮೀಪವಾದ ಯಂತ್ರ ಅಂಗಡಿಯಲ್ಲಿ ದೊರೆಯುತ್ತದೆ.

ಈ ಎರಡು ತೀರ್ಪುಗಳಲ್ಲಿಯೂ ನ್ಯಾಯಾಲಯವು ಕೇಳಿದ ಪ್ರಶ್ನೆ ಒಂದೇ: ನೋಡಿದವನು ಎಲ್ಲಿ ನಿಂತಿದ್ದ? ನಿಂತ ಸ್ಥಳ ಸರಿಯಾಗಿದ್ದರೆ ನೋಟವೂ ಸರಿ. ವಿಮಾನಕ್ಕೆ ಬಾಡಿಗೆ ಕೊಡಬೇಕಾಗಿದ್ದ ಕಾಲದಲ್ಲಿ ಈ ತರ್ಕದಿಂದ ಹೆಚ್ಚಿನ ಕೇಡಾಗಲಿಲ್ಲ. ಎಲ್ಲರ ಹಿತ್ತಿಲ ಮೇಲೂ ವಿಮಾನ ಹಾರಿಸುವಷ್ಟು ಹಣ ಯಾವ ಠಾಣೆಯಲ್ಲೂ ಇರಲಿಲ್ಲ.

ಪ್ರಶ್ನೆ ಬದಲಾದದ್ದು

ಯಂತ್ರಗಳು ಅಗ್ಗವಾಗುತ್ತ ಬಂದಂತೆ ನ್ಯಾಯಾಲಯದ ದೃಷ್ಟಿಯೂ ಬದಲಾಯಿತು. 2001ರಲ್ಲಿ ಕೈಲೊ ಪ್ರಕರಣ ಬಂತು. ಆರಿಗನ್ ರಾಜ್ಯದ ಮನೆಯೊಂದರ ಗೋಡೆಯಿಂದ ಹೊಮ್ಮುವ ಶಾಖವನ್ನು ಪೊಲೀಸರು ಬೀದಿಯಲ್ಲಿ ನಿಂತು ಉಪಕರಣದಿಂದ ಅಳೆದಿದ್ದರು. ಒಳಗೆ ಗಾಂಜಾ ಗಿಡಗಳಿಗೆ ದೀಪ ಉರಿಸುತ್ತಿರಬಹುದೆಂಬ ಅನುಮಾನ ಅವರದು. ಪೊಲೀಸರು ನಿಂತ ಸ್ಥಳ ಸಾರ್ವಜನಿಕವೇ ಆಗಿತ್ತು. ಆದರೂ ಜನಸಾಮಾನ್ಯರ ಬಳಕೆಯಲ್ಲಿಲ್ಲದ ಉಪಕರಣದಿಂದ ಮನೆಯೊಳಗಿನ ಸಂಗತಿಯನ್ನು ತಿಳಿಯುವುದು ಶೋಧವೇ ಸರಿ, ಅದಕ್ಕೆ ವಾರಂಟು ಬೇಕು ಎಂದು ನ್ಯಾಯಾಲಯ 5ಕ್ಕೆ 4ರ ಬಹುಮತದಿಂದ ಹೇಳಿತು. ಈ ತೀರ್ಪಿನಲ್ಲಿ ಒಂದು ದೌರ್ಬಲ್ಯವೂ ಇತ್ತು. ಉಪಕರಣ ಜನಸಾಮಾನ್ಯರ ಬಳಕೆಗೆ ಬಂದ ದಿನ ಈ ರಕ್ಷಣೆ ಸಡಿಲವಾಗುವುದಲ್ಲವೆ? ಮದುವೆಯ ಚಿತ್ರೀಕರಣಕ್ಕೂ ಡ್ರೋನ್ ತರಿಸುವ ಕಾಲದಲ್ಲಿ ಈ ಸಂಶಯ ನಿರಾಧಾರವಲ್ಲ.

2012ರ ಜೋನ್ಸ್ ಪ್ರಕರಣದಲ್ಲಿ ಪೊಲೀಸರು ಸಿಂಧುವಾದ ವಾರಂಟಿಲ್ಲದೆ ಒಬ್ಬನ ವಾಹನಕ್ಕೆ ಸ್ಥಾನಸೂಚಕ ಯಂತ್ರವನ್ನು ಅಂಟಿಸಿ 28 ದಿನ ಅವನ ಸಂಚಾರವನ್ನು ದಾಖಲಿಸಿದ್ದರು. ಇದು ಸಲ್ಲದೆಂದು ನ್ಯಾಯಾಲಯ ಸರ್ವಾನುಮತದಿಂದ ತೀರ್ಮಾನಿಸಿತು. ಆಗ ನ್ಯಾಯಮೂರ್ತಿ ಸ್ಯಾಮ್ಯುಯೆಲ್ ಅಲಿಟೊ ಪ್ರತ್ಯೇಕವಾಗಿ ಬರೆದ ತೀರ್ಪಿನಲ್ಲಿ ಗಣಕಯಂತ್ರಗಳಿಗೆ ಮುಂಚಿನ ಕಾಲವನ್ನು ನೆನಪಿಸಿದರು. ಆಗ ಜನರ ಖಾಸಗಿತನಕ್ಕಿದ್ದ ದೊಡ್ಡ ರಕ್ಷಣೆ ಸಂವಿಧಾನದ್ದೂ ಅಲ್ಲ, ಶಾಸನದ್ದೂ ಅಲ್ಲ. ದೀರ್ಘಕಾಲದ ಕಣ್ಗಾವಲಿಗೆ ತಗಲುವ ಶ್ರಮ ಮತ್ತು ಹಣವೇ ಆ ರಕ್ಷಣೆ ಎಂಬುದು ಅವರ ಅಭಿಪ್ರಾಯದ ಸಾರ. 2018ರ ಕಾರ್ಪೆಂಟರ್ ಪ್ರಕರಣದಲ್ಲಿ ಪೊಲೀಸರು ದೂರವಾಣಿ ಸಂಸ್ಥೆಗಳಿಂದ ಒಬ್ಬನ 127 ದಿನಗಳ ಸಂಚಾರದ ದಾಖಲೆಯನ್ನು ಪಡೆದಿದ್ದರು. ಅದಕ್ಕೂ ವಾರಂಟು ಬೇಕೆಂದು ನ್ಯಾಯಾಲಯ ವಿಧಿಸಿತು. ಎಲ್ಲಿ ನಿಂತು ನೋಡಿದ ಎಂಬ ಪ್ರಶ್ನೆ ಹಿಂದೆ ಸರಿದು, ಎಷ್ಟನ್ನು ಕೂಡಿಹಾಕಿದ ಎಂಬ ಪ್ರಶ್ನೆ ಮುಂದೆ ಬಂತು.

ಬಾಲ್ಟಿಮೋರ್ ನಗರದ ಪ್ರಸಂಗ

ಈ ಹೊಸ ಪ್ರಶ್ನೆಯ ನಿಜವಾದ ಪರೀಕ್ಷೆ ನಡೆದದ್ದು ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ನಗರದಲ್ಲಿ. ಆ ನಗರದಲ್ಲಿ ಕೊಲೆಗಳ ಹಾವಳಿ ವಿಪರೀತ. 2015ರಿಂದ ಮೊದಲ್ಗೊಂಡು ಹಲವು ವರ್ಷ ಪ್ರತಿ ವರ್ಷವೂ 300ಕ್ಕಿಂತ ಹೆಚ್ಚು ಕೊಲೆಗಳಾದವು. 2016ರಲ್ಲಿ ಒಹಾಯೊ ರಾಜ್ಯದ ಖಾಸಗಿ ಸಂಸ್ಥೆಯೊಂದರ ಪುಟ್ಟ ವಿಮಾನವು ಪೊಲೀಸರಿಗಾಗಿ ನಗರದ ಮೇಲೆ ತಿಂಗಳುಗಟ್ಟಲೆ ಸುತ್ತಿ ಚಿತ್ರ ತೆಗೆಯಿತು. ಇರಾಕ್ ಯುದ್ಧದಲ್ಲಿ ರಸ್ತೆಬದಿಯಲ್ಲಿ ಬಾಂಬ್ ಹೂಳುವವರನ್ನು ಪತ್ತೆಹಚ್ಚಲು ರೂಪಿಸಿದ ವಿಧಾನವದು. ಇದಕ್ಕೆ ಹಣ ಕೊಟ್ಟವರು ಟೆಕ್ಸಾಸ್ ರಾಜ್ಯದ ದಾನಿ ದಂಪತಿಗಳು. ವೆಚ್ಚ ನಗರದ ಆಯವ್ಯಯಕ್ಕೆ ಸೇರದಿದ್ದುದರಿಂದ ಅದನ್ನು ಮಂಜೂರು ಮಾಡಬೇಕಾದವರ ಮುಂದೆ ವಿಷಯವೇ ಬರಲಿಲ್ಲ. ನಗರ ಪರಿಷತ್ತಿಗೂ ನಾಗರಿಕರಿಗೂ ಸುದ್ದಿ ತಿಳಿದದ್ದು ಅದೇ ಆಗಸ್ಟ್ ತಿಂಗಳಲ್ಲಿ ಪತ್ರಿಕೆಯೊಂದು ಅದನ್ನು ಬಯಲಿಗೆಳೆದಾಗ. ದಾನ ಒಳ್ಳೆಯದೇ. ಆದರೆ ಸಾರ್ವಜನಿಕ ಅಧಿಕಾರವನ್ನು ಖಾಸಗಿ ದಾನದಿಂದ ನಡೆಸಿದರೆ, ಲೆಕ್ಕ ಕೇಳುವ ಬಾಗಿಲು ಮುಚ್ಚಿಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

2020ರಲ್ಲಿ ಅದೇ ಯೋಜನೆಯು ಬಹಿರಂಗವಾಗಿ, ಒಪ್ಪಂದದ ಮೂಲಕ ಮರಳಿ ಬಂತು. ಕೊಲೆ, ಗುಂಡಿನ ದಾಳಿ, ಶಸ್ತ್ರ ಹಿಡಿದ ದರೋಡೆ, ವಾಹನ ಅಪಹರಣ ಇಷ್ಟಕ್ಕೆ ಮಾತ್ರ ಬಳಸುವುದಾಗಿ ಪೊಲೀಸರು ಹೇಳಿದರು. ಮೇ ತಿಂಗಳಿಂದ ಅಕ್ಟೋಬರ್ ಕೊನೆಯವರೆಗೆ ವಿಮಾನಗಳು ಹಗಲಿನಲ್ಲಿ ಹಾರಿ, ನಗರದ ಸುಮಾರು ಶೇಕಡಾ 90 ಭಾಗವನ್ನು ಕ್ಷಣಕ್ಷಣಕ್ಕೂ ಚಿತ್ರಿಸಿದವು. ಚಿತ್ರದಲ್ಲಿ ಮನುಷ್ಯನೊಬ್ಬನು ಒಂದು ಚುಕ್ಕೆ ಮಾತ್ರ, ಮುಖ ಕಾಣದು. ಆದರೆ ಆ ಚುಕ್ಕೆ ಸಂಜೆ ಯಾವ ಮನೆ ಸೇರಿತು, ಬೆಳಿಗ್ಗೆ ಯಾವ ಮನೆಯಿಂದ ಹೊರಟಿತು ಎಂಬುದನ್ನು ನೋಡಿ, ನೆಲದ ಮೇಲಿನ ಕ್ಯಾಮೆರಾಗಳ ಚಿತ್ರದೊಡನೆ ಹೊಂದಿಸಿದರೆ ಚುಕ್ಕೆಗೆ ಹೆಸರು ಸಿಗುತ್ತದೆ. ಚಿತ್ರಗಳನ್ನು 45 ದಿನ ಇಟ್ಟುಕೊಳ್ಳುವ ಏರ್ಪಾಡಿತ್ತು. ತನಿಖೆಗೆ ಬೇಕಾದವನ್ನು ಮುಂದೆಯೂ ಉಳಿಸಿಕೊಳ್ಳಬಹುದಾಗಿತ್ತು.

ನಗರದ ಹಿತೈಷಿಗಳಲ್ಲಿ ಈ ಬಗ್ಗೆ ಒಮ್ಮತವಿರಲಿಲ್ಲ. ಮಕ್ಕಳನ್ನು ಕಳೆದುಕೊಂಡ ತಾಯಂದಿರಿರುವ ಊರಿನಲ್ಲಿ ಕೊಲೆಗಾರನನ್ನು ಹಿಡಿಯುವ ಸಾಧನವನ್ನು ಬೇಡವೆನ್ನುವುದು ಸುಲಭದ ಮಾತಲ್ಲ. ಇನ್ನೊಂದೆಡೆ ಸ್ಥಳೀಯ ಸಂಘಟನೆಯೊಂದು ಹಾಗೂ ಇಬ್ಬರು ನಾಗರಿಕರು ನ್ಯಾಯಾಲಯದ ಮೊರೆಹೊಕ್ಕರು. ಕೆಳಗಿನ ನ್ಯಾಯಾಲಯ ತಡೆಯಾಜ್ಞೆ ನೀಡಲಿಲ್ಲ. ಮೇಲ್ಮನವಿ ನ್ಯಾಯಾಲಯದ ಮೂವರ ಪೀಠವೂ ನವೆಂಬರ್ 2020ರಲ್ಲಿ 2ಕ್ಕೆ 1ರ ಬಹುಮತದಿಂದ ಅದನ್ನೇ ಎತ್ತಿಹಿಡಿಯಿತು. 2021ರ ಫೆಬ್ರವರಿಯಲ್ಲಿ ನಗರವೇ ಒಪ್ಪಂದವನ್ನು ಕೊನೆಗೊಳಿಸಿತು. ಇನ್ನು ವ್ಯಾಜ್ಯವೇ ಉಳಿದಿಲ್ಲವೆಂದು ನಗರದ ವಕೀಲರು ವಾದಿಸಿದರು. ಆದರೆ ಆಗಲೇ ತೆಗೆದ ಚಿತ್ರಗಳ ಒಂದು ಭಾಗ ಪೊಲೀಸರ ಬಳಿ ಇನ್ನೂ ಇತ್ತು. ಹಾರಾಟ ನಿಂತರೂ ದಾಖಲೆ ಉಳಿದಿರುವತನಕ ವ್ಯಾಜ್ಯ ಮುಗಿಯದು ಎಂದು ನ್ಯಾಯಾಲಯ ಹೇಳಿತು. ಪೂರ್ಣಪೀಠವು 2021ರ ಜೂನ್ 24ರಂದು 8ಕ್ಕೆ 7ರ ಬಹುಮತದಿಂದ ನಾಗರಿಕರ ಪರವಾಗಿ ತೀರ್ಪು ನೀಡಿತು. ಇಡೀ ಊರಿನ ಸಂಚಾರವನ್ನು ಮೊದಲೇ ದಾಖಲಿಸಿಟ್ಟು, ಆಮೇಲೆ ಬೇಕಾದವನ ಹೆಜ್ಜೆಗಳನ್ನು ಹಿಂದಕ್ಕೆ ಓದುವುದು ವಾರಂಟಿಲ್ಲದೆ ಸಲ್ಲದು ಎಂಬುದು ಆ ತೀರ್ಪಿನ ಸಾರ.

ವಿಚಾರಿಸಿ ನೋಡಿದರೆ ಇದು ಊರಿನ ಪ್ರತಿಯೊಬ್ಬರ ಹೆಸರಿನಲ್ಲಿಯೂ ಖಾತೆ ತೆರೆದು, ಎಂದಾದರೊಂದು ದಿನ ಬೇಕಾದೀತೆಂದು ದಿನದಿನದ ಕಿರ್ದಿ ಬರೆದಿಟ್ಟಂತೆ. ಕೊಡುಕೊಳ್ಳುವ ವ್ಯವಹಾರವೇ ಇಲ್ಲದವನ ಹೆಸರಿನಲ್ಲಿ ಖಾತೆ ತೆರೆಯುವ ಅಧಿಕಾರ ಯಾರಿಗೂ ಇಲ್ಲ.

ಡ್ರೋನಿನ ಕಾಲ

ಬಾಲ್ಟಿಮೋರಿನಲ್ಲಿ ಹಾರಿದ್ದು ಮನುಷ್ಯರು ನಡೆಸುವ ವಿಮಾನ. ಡ್ರೋನ್ ಅದಕ್ಕಿಂತ ಎಷ್ಟೋ ಅಗ್ಗ. ಕ್ಯಾಲಿಫೋರ್ನಿಯಾದ ಚೂಲಾ ವಿಸ್ಟಾ ನಗರದ ಪೊಲೀಸರು 2018ರ ಅಕ್ಟೋಬರ್‌ನಲ್ಲಿ ಹೊಸ ಪದ್ಧತಿಯೊಂದನ್ನು ಆರಂಭಿಸಿದರು. ತುರ್ತು ಕರೆ ಬಂದೊಡನೆ ಕಟ್ಟಡದ ಮಾಳಿಗೆಯಿಂದ ಡ್ರೋನ್ ಹಾರಿ, ಎಷ್ಟೋ ವೇಳೆ ಪೊಲೀಸರಿಗಿಂತ ಮುಂಚೆ ಸ್ಥಳ ತಲಪುತ್ತದೆ. ಆಯುಧವಿದೆಯೆಂದು ಭಾವಿಸಿದ ಕೈಯಲ್ಲಿ ಬೇರೆ ವಸ್ತುವಿರುವುದು ಮೊದಲೇ ತಿಳಿದರೆ ಒಂದು ಜೀವ ಉಳಿದೀತು. ಆ ನಗರದ ಪೊಲೀಸರು ಪ್ರತಿ ಹಾರಾಟದ ಮಾರ್ಗವನ್ನು ಸಾರ್ವಜನಿಕವಾಗಿ ಪ್ರಕಟಿಸುವ ಕ್ರಮವನ್ನೂ ಇಟ್ಟುಕೊಂಡರು. ಇದು ಶ್ಲಾಘನೀಯ. ಆದರೆ ಚಿತ್ರಗಳನ್ನೇ ತೋರಿಸಿರೆಂದು ಪತ್ರಿಕೆಯೊಂದರ ಪ್ರಕಾಶಕರು ಕೇಳಿದಾಗ ನಗರ ನಿರಾಕರಿಸಿತು. ಎಲ್ಲ ಚಿತ್ರಗಳೂ ತನಿಖಾ ದಾಖಲೆಗಳೆಂದು ಒಟ್ಟಾಗಿ ಮುಚ್ಚಿಡಲು ಬರುವುದಿಲ್ಲ, ಒಂದೊಂದು ವರ್ಗವನ್ನೂ ವಿಂಗಡಿಸಿ ನೋಡಬೇಕು ಎಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ ಡಿಸೆಂಬರ್ 2023ರಲ್ಲಿ ತೀರ್ಪು ಕೊಟ್ಟಿತು.

2024ರ ಮಾರ್ಚ್‌ನಲ್ಲಿ ಅಲಾಸ್ಕಾ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಇನ್ನೂ ಮುಂದೆ ಹೋಯಿತು. ಕಾಡಿನ ನಡುವಿನ ಮನೆಯೊಂದರ ಹಿತ್ತಿಲನ್ನು ಪೊಲೀಸರು ವಿಮಾನದಿಂದ, ದೂರವನ್ನು ಹತ್ತಿರ ಮಾಡುವ ಮಸೂರವಿದ್ದ ಕ್ಯಾಮೆರಾದಿಂದ ಚಿತ್ರಿಸಿದ್ದರು. ದಾರಿಯಲ್ಲಿ ಹಾರಿಹೋಗುವ ಯಾರೋ ಒಬ್ಬನ ಕಣ್ಣಿಗೆ ಹಿತ್ತಿಲು ಬೀಳಬಹುದೆಂಬ ಕಾರಣಕ್ಕೆ, ಪೊಲೀಸರು ಬೇಕೆಂದೇ ಹಾರಿಬಂದು ಪ್ರಬಲ ಮಸೂರದಿಂದ ನೋಡುವುದು ಸಮ್ಮತವಾಗದು ಎಂದು ಆ ನ್ಯಾಯಾಲಯ ತನ್ನ ರಾಜ್ಯದ ಸಂವಿಧಾನವನ್ನು ಆಧರಿಸಿ ಹೇಳಿತು. 1986ರ ತರ್ಕಕ್ಕೆ ಕನಿಷ್ಠ ಒಂದು ರಾಜ್ಯದಲ್ಲಿ ಹೀಗೆ ಉತ್ತರ ದೊರೆಯಿತು.

ನಮ್ಮ ದೇಶದ ದಾರಿ

ಪೊಲೀಸರ ಕಣ್ಗಾವಲಿನ ಪ್ರಶ್ನೆ ಭಾರತದ ಸರ್ವೋಚ್ಚ ನ್ಯಾಯಾಲಯದ ಮುಂದೆ ಯಂತ್ರಗಳ ಕಾಲಕ್ಕಿಂತ ಎಷ್ಟೋ ಮೊದಲೇ ಬಂದಿತ್ತು. ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬಾತನ ಮೇಲೆ 1941ರಲ್ಲಿ ದರೋಡೆಯ ಆರೋಪ ಬಂದು, ಸಾಕ್ಷ್ಯವಿಲ್ಲದೆ ಬಿಡುಗಡೆಯಾಗಿತ್ತು. ಆದರೂ ಪೊಲೀಸರು ಆತನ ಹೆಸರಿನಲ್ಲಿ ಹಿಸ್ಟರಿ ಶೀಟ್ ತೆರೆದು, ರಾತ್ರಿ ವೇಳೆ ಬಾಗಿಲು ಬಡಿದು ಎಬ್ಬಿಸುತ್ತಿದ್ದರು. ಆತನ ಹೋಗಿಬರುವಿಕೆಯನ್ನೆಲ್ಲ ಬರೆದಿಡುತ್ತಿದ್ದರು. 1962ರ ತೀರ್ಪಿನಲ್ಲಿ ನ್ಯಾಯಾಲಯ ರಾತ್ರಿಯ ಮನೆಭೇಟಿಯನ್ನು ಮಾತ್ರ ರದ್ದುಗೊಳಿಸಿತು. ಹೋಗಿಬರುವಿಕೆಯ ಮೇಲಿನ ಕಾವಲನ್ನು ಹಾಗೆಯೇ ಉಳಿಸಿತು. ಖಾಸಗಿತನವು ಸಂವಿಧಾನ ನೀಡಿದ ಹಕ್ಕಲ್ಲವೆಂದಿತು. ನ್ಯಾಯಮೂರ್ತಿ ಕೆ. ಸುಬ್ಬರಾವ್ ಅವರು ಭಿನ್ನಮತ ಸೂಚಿಸಿದರು. ಸದಾ ಬೆನ್ನಹಿಂದೆ ಕಣ್ಣಿರುವವನಿಗೆ ಬೇಡಿ ಇಲ್ಲದಿದ್ದರೂ ದೇಶವೇ ಸೆರೆಮನೆ ಎಂಬುದು ಅವರ ಅಭಿಪ್ರಾಯದ ತಿರುಳು.

ಆ ಭಿನ್ನಮತಕ್ಕೆ ಮನ್ನಣೆ ಸಿಗಲು 55 ವರ್ಷ ಬೇಕಾಯಿತು. ಅದಕ್ಕೆ ನಿಮಿತ್ತರಾದವರು ಕನ್ನಡನಾಡಿನವರೇ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು 80 ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅರ್ಜಿ ಸಲ್ಲಿಸಿದರು. ಆ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕೆಂದು ಸರ್ವಾನುಮತದಿಂದ ಸಾರಿತು. ಖರಕ್ ಸಿಂಗ್ ತೀರ್ಪಿನ ವಿರುದ್ಧಭಾಗ ಬಿದ್ದುಹೋಯಿತು. ಸರ್ಕಾರ ಈ ಹಕ್ಕಿನಲ್ಲಿ ಕೈಯಿಡಬೇಕಾದರೆ ಅದಕ್ಕೊಂದು ಕಾನೂನಿರಬೇಕು, ನ್ಯಾಯಸಮ್ಮತ ಉದ್ದೇಶವಿರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಪ್ರಮಾಣವಿರಬೇಕು ಎಂಬ ಅಳತೆಗೋಲೂ ದೊರೆಯಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ನಿಧನರಾದರು. ಅವರ ಹೆಸರು ಈ ಹಕ್ಕಿನೊಡನೆ ಶಾಶ್ವತವಾಗಿ ಉಳಿದಿದೆ.

ಅಳತೆಗೋಲು ಸಿಕ್ಕಿತು, ಅಳೆಯುವ ಕೆಲಸ ಬಾಕಿಯಿದೆ. 2020ರ ಕೊರೊನಾ ನಿರ್ಬಂಧದ ದಿನಗಳಲ್ಲಿ ದೇಶದ ಅನೇಕ ನಗರಗಳ ಪೊಲೀಸರು ಡ್ರೋನ್ ಹಾರಿಸಿ ಬೀದಿಗಳನ್ನು ಕಾಯ್ದರು. 2021ರ ಆಗಸ್ಟ್‌ನಲ್ಲಿ ಡ್ರೋನ್ ನಿಯಮಗಳು ಜಾರಿಗೆ ಬಂದವು. ನೋಂದಣಿ, ತೂಕದ ವರ್ಗ, ಹಾರಾಟದ ವಲಯ ಇವು ಆ ನಿಯಮಗಳ ಮುಖ್ಯ ವಿಷಯ. ಹಸಿರು ವಲಯದಲ್ಲಿ 400 ಅಡಿಯವರೆಗೆ ಹಾರಲು ಪೂರ್ವಾನುಮತಿ ಬೇಕಿಲ್ಲ. ರೈಲಿಯ ಹಸಿರುಮನೆಯ ಮೇಲೆ ಹೆಲಿಕಾಪ್ಟರು ಬಂದ ಎತ್ತರವೂ ಅಷ್ಟೇ ಎಂಬುದು ಯೋಚಿಸತಕ್ಕ ಮಾತು. ಯಂತ್ರ ಯಂತ್ರಕ್ಕೆ ಡಿಕ್ಕಿಯಾಗದಂತೆ ಈ ನಿಯಮಗಳು ಕಾಯುತ್ತವೆ. ಯಂತ್ರದ ಕಣ್ಣು ಅಂಗಳಕ್ಕೆ ಬಿದ್ದರೆ ಏನೆಂಬುದಕ್ಕೆ ಉತ್ತರ ಬೇರೆಡೆ ಹುಡುಕಬೇಕು. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಸಾರ್ವಜನಿಕ ಸುವ್ಯವಸ್ಥೆಯೇ ಮೊದಲಾದ ಕಾರಣಗಳಿಗೆ ಸರ್ಕಾರಿ ಸಂಸ್ಥೆಗಳನ್ನು ಅಧಿಸೂಚನೆಯ ಮೂಲಕ ಹೊರಗಿಡಲು ಕೇಂದ್ರ ಸರ್ಕಾರಕ್ಕೆ ಅಧಿಕಾರ ನೀಡಿದೆ.

ಲೆಕ್ಕ ಕೇಳುವ ಕರ್ತವ್ಯ

ಡ್ರೋನನ್ನು ನಿಷೇಧಿಸಬೇಕೆಂಬುದು ಈ ಇತಿಹಾಸದ ಪಾಠವಲ್ಲ. ಪೊಲೀಸರೆಲ್ಲ ದುರುದ್ದೇಶದವರೆಂಬುದು ಇನ್ನೂ ತಪ್ಪು. ಹಿಂದೆ ವೆಚ್ಚವು ಹಾಕುತ್ತಿದ್ದ ಮಿತಿಯನ್ನು ಇಂದು ನಿಯಮವೇ ಹಾಕಬೇಕು. ಆ ನಿಯಮ ಯಂತ್ರ ಹಾರುವ ಮೊದಲೇ ಬರೆದಿರಬೇಕು. ಬ್ರೆನ್ನನ್ ಅವರ ಎಚ್ಚರಿಕೆಯೂ ಸುಬ್ಬರಾವ್ ಅವರ ಎಚ್ಚರಿಕೆಯೂ ಆ ಕಾಲದಲ್ಲಿ ಸೋತವು. ಸೋಲಿಗೂ ಮನ್ನಣೆಗೂ ನಡುವೆ ಹೋದ ವರ್ಷಗಳ ನಷ್ಟ ಸಾಮಾನ್ಯ ಜನರದ್ದು.

ವ್ಯವಹಾರ ಬಲ್ಲವರಿಗೆ ಈ ನಿಯಮದ ಸ್ವರೂಪ ಅಪರಿಚಿತವಲ್ಲ. ಹಾರಿಸಲು ಆಜ್ಞೆಯಿತ್ತವರು ಯಾರು? ಯಾವ ಕಾರ್ಯಕ್ಕೆ? ತೆಗೆದ ಚಿತ್ರ ಎಷ್ಟು ದಿನ ಉಳಿಯುತ್ತದೆ, ಯಾರು ಅಳಿಸುತ್ತಾರೆ? ಅಳಿಸಿದ್ದನ್ನು ಪರಿಶೀಲಿಸುವ, ಇಲಾಖೆಗೆ ಸೇರದ ಲೆಕ್ಕಪರಿಶೋಧಕರು ಯಾರು? ಹಣ ಕೊಟ್ಟವರು ಯಾರು? ಒಂದು ಸಣ್ಣ ಸಹಕಾರ ಸಂಘವೂ ವರ್ಷಕ್ಕೊಮ್ಮೆ ಇಂಥ ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆ. ಆಕಾಶದಲ್ಲಿ ಕಣ್ಣಿಟ್ಟವರು ಕೊಡಬೇಕೆನ್ನುವುದು ಅತಿಯಾದ ಬೇಡಿಕೆಯಲ್ಲ.

ಸರ್ಕಾರವನ್ನು ಕೇಳುವ ಮೊದಲು ಸಂಸ್ಥೆಗಳು ತಮ್ಮನ್ನೂ ಕೇಳಿಕೊಳ್ಳುವುದು ಯುಕ್ತ. ಬಸದಿ, ಧರ್ಮಶಾಲೆ, ವಿದ್ಯಾರ್ಥಿನಿಲಯಗಳಲ್ಲಿ ರಕ್ಷಣೆಗಾಗಿ ಕ್ಯಾಮೆರಾಗಳಿವೆ. ಉತ್ಸವಗಳಲ್ಲಿ ಡ್ರೋನ್ ಹಾರಿಸಿ ಚಿತ್ರ ತೆಗೆಸುವುದೂ ಉಂಟು. ಆ ಚಿತ್ರಗಳನ್ನು ಯಾರು ನೋಡುತ್ತಾರೆ, ಎಷ್ಟು ದಿನ ಇಡುತ್ತಾರೆ, ಪಕ್ಕದ ಮನೆಯ ಮಾಳಿಗೆ ಅದರಲ್ಲಿ ಬೀಳುತ್ತದೆಯೇ ಎಂಬುದನ್ನು ವಿಶ್ವಸ್ತ ಮಂಡಳಿಯ ನಡಾವಳಿ ಪುಸ್ತಕದಲ್ಲಿ ಒಂದು ಪುಟ ಬರೆದಿಡಲು ಯಾವ ಶಾಸನಕ್ಕೂ ಕಾಯಬೇಕಾಗಿಲ್ಲ. ತನ್ನ ಮನೆಯಲ್ಲಿ ಈ ಲೆಕ್ಕವನ್ನು ಇಟ್ಟವನು ಸರ್ಕಾರದ ಮುಂದೆ ಅದನ್ನು ಕೇಳುವಾಗ ಅವನ ಮಾತಿಗೆ ತೂಕವಿರುತ್ತದೆ.